ನಿಧಾನ ನಡೆಯ ಹಗೆ

ಸಣ್ಣಕರುಳಿನಲ್ಲಿ ಅಪರೂಪವಾಗಿ ಮೂಡುವ ಕಿರುಗಡ್ಡೆಗಳಿಗೆ 1907ರಲ್ಲಿ ಮ್ಯೂನಿಕ್ ನಗರದ ರೋಗವಿಜ್ಞಾನಿ ಓಬರ್ನ್‌ಡಾರ್ಫರ್ ‘ಕಾರ್ಸಿನಾಯ್ಡ್’ ಎಂದು ಹೆಸರಿಟ್ಟರು. ಕ್ಯಾನ್ಸರನ್ನು ಹೋಲುವಂಥದು ಎಂದು ಅದರ ಅರ್ಥ. ಮೆಲ್ಲಮೆಲ್ಲನೆ ಬೆಳೆಯುವ ಇವು ನಿರಪಾಯಕರವೆಂದು ಅವರು ಬಗೆದಿದ್ದರು. ಆದರೆ 1929ರಲ್ಲಿ, ಇವುಗಳಲ್ಲಿ ಕೆಲವು ಮಾರಕವಾಗಿ ಹಬ್ಬಬಲ್ಲವೆಂದು ತಮ್ಮ ಮಾತನ್ನು ತಾವೇ ತಿದ್ದಿಕೊಂಡರು.

ವರ್ಷಗಟ್ಟಲೆ ಸದ್ದಿಲ್ಲದೆ ಅಡಗಿದ್ದ ಗಡ್ಡೆ ಯಕೃತ್ತಿಗೆ ಹಬ್ಬಿದರೆ, ಅದು ಸ್ರವಿಸುವ ರಸಗಳಿಂದ ಮುಖ ಆಗಾಗ ಕೆಂಪೇರುವುದು, ಭೇದಿ ಕಾಡುವುದು. ಹೃದಯದ ಕವಾಟಗಳೂ ಕೆಡಬಹುದು. ಹಬ್ಬುವ ಮುನ್ನವೇ ಶಸ್ತ್ರಕ್ರಿಯೆಯಿಂದ ತೆಗೆದರೆ ಬಹುಮಂದಿ ದೀರ್ಘಕಾಲ ಬಾಳುತ್ತಾರೆ; ಹಬ್ಬಿದ ಬಳಿಕವೂ ಚಿಕಿತ್ಸೆಯ ನೆರವಿನಿಂದ ಹಲವು ವರ್ಷ ಬದುಕಿದವರುಂಟು.

ಹಗೆಯ ನಡೆ ನಿಧಾನವೆಂಬುದು ಧೈರ್ಯ ತಾಳಲು ಕಾರಣವೇ ಹೊರತು ಮೈಮರೆಯಲು ಅಲ್ಲ.