ಜೂನ್ ಒಂದರಂದು ಹುಟ್ಟಿದವರು

ನನ್ನ ಹುಟ್ಟಿದ ದಿನ ಜೂನ್ 1. ನಮ್ಮಣ್ಣನದೂ ಜೂನ್ 1. ತಂಗಿಯದೂ ಅದೇ. ‘ಅಜ್ಜಾ, ನೀವು ಮೂರೂ ಜನ ಒಂದೇ ದಿನ ಹೇಗೆ ಹುಟ್ಟಿದಿರಿ?’ ಎಂದು ಮೊಮ್ಮಗಳು ಮೊನ್ನೆ ಕೇಳಿದಳು. ಹುಟ್ಟಿದ್ದು ಬೇರೆ ಬೇರೆ ದಿನವೇ ಪುಟ್ಟಾ, ಆದರೆ ಮೂವರಿಗೂ ಹೆಡ್‌ಮಾಸ್ತರು ಒಬ್ಬರೇ!

ಇದನ್ನು ಓದಿ ನಗುತ್ತಿರುವ ಅಜ್ಜ ಅಜ್ಜಿಯರಿಗೆ ವಿವರಣೆ ಬೇಕಿಲ್ಲ. ಮಕ್ಕಳಿಗಾಗಿ ಹೇಳುತ್ತೇನೆ. ನಮ್ಮ ಕಾಲದಲ್ಲಿ ಹಳ್ಳಿಯಲ್ಲಿ ಮಗು ಹುಟ್ಟಿದರೆ ತೊಟ್ಟಿಲು ಕಟ್ಟುತ್ತಿದ್ದರು, ಪುಟಾಣಿ ಸಕ್ಕರೆ ಹಂಚುತ್ತಿದ್ದರು, ತಾರೀಖು ಬರೆದಿಡುತ್ತಿರಲಿಲ್ಲ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ‘ಯಾವಾಗ ಹುಟ್ಟಿದ್ದು?’ ಎಂದರೆ, ‘ಕೆರೆ ಕೋಡಿ ಬಿತ್ತಲ್ಲ, ಆಗ ಹೊಟ್ಟೆಯಲ್ಲಿದ್ದ’ ಎನ್ನುತ್ತಿದ್ದಳು ನಮ್ಮವ್ವ. ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ಒಂದನೇ ತರಗತಿಗೆ ಬಂದ ಹಾಗೆ. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಲೆಕ್ಕಕ್ಕೆ ಸುಲಭವಾಗಲಿ ಎಂದು ಜೂನ್ 1 ಎಂದು ಬರೆದು ಮುಗಿಸುತ್ತಿದ್ದರು. ಮುಂದೆ ನಾವೆಲ್ಲ ನೌಕರಿಗೆ ಸೇರಿದೆವು. ನಮ್ಮ ಕಚೇರಿಯಲ್ಲಿ ಒಂದು ಮೇ 31ರಂದು ಒಟ್ಟಿಗೇ ಐದು ಜನ ನಿವೃತ್ತರಾದರು. ಐದು ಹಾರ, ಐದು ಶಾಲು, ಭಾಷಣ ಮಾತ್ರ ಒಂದೇ.

ಇಷ್ಟು ದಿನ ಇದು ನಗುವ ವಿಷಯವಾಗಿತ್ತು. ಈ ವರ್ಷ ನಮ್ಮ ಬೀದಿಯಲ್ಲಿ ಅಳುವ ವಿಷಯವಾಯಿತು.

ಮೊಮ್ಮಗಳು ಫುಟ್‌ಬಾಲ್ ಕ್ಲಬ್ಬೊಂದಕ್ಕೆ ಹೋಗುತ್ತಾಳೆ. ಅವಳು ಗೋಲ್‌ಕೀಪರ್. ಆದರೆ ತಂಡದ ಮೊದಲ ಗೋಲ್‌ಕೀಪರ್ ಅವಳಲ್ಲ, ನಮ್ಮ ಬೀದಿ ಕೊನೆಯ ಇಸ್ತ್ರಿ ಅಂಗಡಿಯವರ ಮಗಳು. ನಾನು ಸಂಜೆ ಕಟ್ಟೆಯ ಮೇಲೆ ಕೂತು ನೋಡಿದ್ದೇನೆ. ಮೊಮ್ಮಗಳು ಚೆಂಡು ಬಂದ ಮೇಲೆ ಹಾರುತ್ತಾಳೆ, ಆ ಹುಡುಗಿ ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ನಿಂತಿರುತ್ತಾಳೆ. ವ್ಯತ್ಯಾಸ ಅಷ್ಟೇ, ಆದರೆ ಅದು ದೊಡ್ಡ ವ್ಯತ್ಯಾಸ. ಸ್ವೀಡನ್ ದೇಶದ ಗೋಥೆನ್‌ಬರ್ಗ್ ಎಂಬ ಊರಿನಲ್ಲಿ 1975ರಿಂದ ‘ಗೋಥಿಯಾ ಕಪ್’ ಎಂಬ ಮಕ್ಕಳ ಫುಟ್‌ಬಾಲ್ ಹಬ್ಬ ನಡೆಯುತ್ತಿದೆ. ಜುಲೈ ತಿಂಗಳಲ್ಲಿ ಹತ್ತಾರು ದೇಶಗಳಿಂದ ಸಾವಿರಕ್ಕೂ ಹೆಚ್ಚು ತಂಡಗಳು ಬರುತ್ತವೆ. ಅದಕ್ಕೆ ನಮ್ಮ ಕ್ಲಬ್ಬಿನ ಹುಡುಗಿಯರ ತಂಡವನ್ನು ಕಳಿಸುವುದೆಂದು ತೀರ್ಮಾನವಾಯಿತು. ಪಟ್ಟಿ ಹಾಕಿದರು. ಗೋಲ್‌ಕೀಪರ್ ಜಾಗದಲ್ಲಿ ಇಸ್ತ್ರಿ ಅಂಗಡಿಯ ಹುಡುಗಿ, ಅವಳು ಬಾರದಿದ್ದರೆ ನನ್ನ ಮೊಮ್ಮಗಳು.

2012ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರಿಗೆ ಮಾತ್ರ ಆ ತಂಡದಲ್ಲಿ ಜಾಗ. ಆ ಹುಡುಗಿಯ ಶಾಲೆಯ ದಾಖಲೆಯಲ್ಲಿ ಏನಿತ್ತು ಗೊತ್ತೇ? 1-6-2011.

ನನಗೆ ಆ ರಾತ್ರಿ ಹಳೆಯದೊಂದು ಸುದ್ದಿ ನೆನಪಾಯಿತು. ಜಾರ್ಖಂಡಿನ ರಾಂಚಿಯ ಹತ್ತಿರ ಓರ್ಮಾಂಝಿ ಎಂಬ ಕಡೆ ಹೊಲ, ಗುಡ್ಡ, ಚಿಕ್ಕ ಚಿಕ್ಕ ಆದಿವಾಸಿ ಹಳ್ಳಿಗಳಿವೆ. ಅಲ್ಲಿಗೆ ಇಂಗ್ಲಿಷ್ ಕಲಿಸಲು ಬಂದಿದ್ದ ಫ್ರಾಂಝ್ ಗ್ಯಾಸ್ಟ್‌ಲರ್ ಎಂಬ ಅಮೆರಿಕದ ಯುವಕನಿಗೆ ಒಬ್ಬ ಹುಡುಗಿ ತನಗೆ ಫುಟ್‌ಬಾಲ್ ಆಡಬೇಕು ಎಂದಳಂತೆ. ಹಾಗೆ 2009ರಲ್ಲಿ ‘ಯುವಾ’ ಎಂಬ ಸಂಸ್ಥೆ ಶುರುವಾಯಿತು. ಬೆಳಿಗ್ಗೆ ನೀರು ತರುವ, ದನ ಕಾಯುವ, ತಮ್ಮಂದಿರನ್ನು ಎತ್ತಿಕೊಳ್ಳುವ ಹುಡುಗಿಯರು ಆಟಕ್ಕೆ ಬಂದರು. ಹುಡುಗಿಯರು ಚಡ್ಡಿ ಹಾಕಿ ಆಡುವುದನ್ನು ಕಂಡು ಊರಿನವರು ಆಡಿಕೊಂಡರು. ಅಲ್ಲಿ ಚಿಕ್ಕ ವಯಸ್ಸಿಗೇ ಮದುವೆ ಮಾಡುವ ರೂಢಿ ಇತ್ತು. ಆಟಕ್ಕೆ ಹೋಗುವ ಹುಡುಗಿ ಶಾಲೆಯನ್ನೂ ಬಿಡುವುದಿಲ್ಲ, ಮದುವೆಗೂ ಬೇಗ ಒಪ್ಪುವುದಿಲ್ಲ ಎಂಬುದು ನಿಧಾನಕ್ಕೆ ಎಲ್ಲರಿಗೂ ಗೊತ್ತಾಯಿತು. ದೊಡ್ಡ ಹುಡುಗಿಯರೇ ಚಿಕ್ಕವರಿಗೆ ಕೋಚ್ ಆದರು.

2013ರಲ್ಲಿ ಅವರಲ್ಲಿ ಹದಿನೆಂಟು ಜನರ ತಂಡ ಸ್ಪೇನಿನ ಎರಡು ಟೂರ್ನಿಗಳಿಗೆ ಆಯ್ಕೆಯಾಯಿತು: ಸಾನ್ ಸೆಬಾಸ್ಟಿಯನ್ ಊರಿನ ದೊನೋಸ್ತಿ ಕಪ್ ಮತ್ತು ವಿಟೋರಿಯಾದ ಗಾಸ್ತೇಯ್ಸ್ ಕಪ್. ರಾಂಚಿಯನ್ನೇ ಸರಿಯಾಗಿ ನೋಡಿರದ ಮಕ್ಕಳು ಸ್ಪೇನಿಗೆ ಹೋಗಬೇಕು! ಆದರೆ ಆಟಕ್ಕಿಂತ ಮೊದಲು ಅವರು ಎದುರಿಸಬೇಕಾದ ತಂಡವೇ ಬೇರೆಯಿತ್ತು.

ಆಗ ನಮ್ಮ ದೇಶದ ಪಾಸ್‌ಪೋರ್ಟ್ ನಿಯಮ ಹೀಗಿತ್ತು: 1989ರ ಜನವರಿ 26 ಮತ್ತು ಅದರ ನಂತರ ಹುಟ್ಟಿದವರು ಜನನ ಪ್ರಮಾಣಪತ್ರವನ್ನೇ ಕೊಡಬೇಕು. ಶಾಲೆಯ ಪತ್ರ ನಡೆಯದು. (2016ರ ಕೊನೆಯಲ್ಲಿ ಇದನ್ನು ಸಡಿಲಿಸಿದರು.) ಮನೆಯಲ್ಲಿ ಹುಟ್ಟಿದ, ಯಾರೂ ಬರೆಸದ ಆ ಹುಡುಗಿಯರ ಹತ್ತಿರ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಪಂಚಾಯಿತಿ ಕಚೇರಿಗೆ ಹೋದರು. ಅಲ್ಲಿ ಅವರಿಗೆ ಕಪಾಳಕ್ಕೆ ಹೊಡೆದರು, ಕಸ ಗುಡಿಸಿ ಎಂದರು, ಲಂಚ ಕೇಳಿದರು ಎಂದು ಹುಡುಗಿಯರು ಹೇಳಿದ್ದು ಆಗ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನನಗೆ ಓದಿ ಸಿಟ್ಟು ಬಂದಿತ್ತು. ಸಿಟ್ಟಿನ ಜೊತೆ ಒಂದು ವಿಚಿತ್ರ ಅನುಮಾನವೂ ಬಂದಿತ್ತು. ನಾನೂ ಮೂವತ್ತೈದು ವರ್ಷ ಮೇಜಿನ ಆ ಕಡೆ ಕೂತವನೇ. ಕಪಾಳಕ್ಕೆ ಹೊಡೆಯಲಿಲ್ಲ, ನಿಜ. ಆದರೆ ‘ನಾಳೆ ಬಾ’ ಎಂದು ಎಷ್ಟು ಜನಕ್ಕೆ ಹೇಳಿದ್ದೇನೋ, ಲೆಕ್ಕ ಇಟ್ಟಿಲ್ಲ.

ಆ ಹುಡುಗಿಯರು ಬಿಡಲಿಲ್ಲ. ಕಾಗದ ಸಿಕ್ಕಿತು, ಸ್ಪೇನಿಗೆ ಹೋದರು. ಗಾಸ್ತೇಯ್ಸ್ ಕಪ್‌ನಲ್ಲಿ ಮೂರನೇ ಸ್ಥಾನ ಗೆದ್ದು ಬಂದರು. ವಾಪಸು ಬಂದಾಗ ಹಾರ, ತುರಾಯಿ, ಭಾಷಣ, ಎಲ್ಲ ಆಯಿತು. ಮರುವರ್ಷ ಅಮೆರಿಕದ ಟೂರ್ನಿಗೂ ಅಲ್ಲಿಂದ ತಂಡ ಹೋಯಿತು. 2019ರಲ್ಲಿ ಯುವಾ ಸಂಸ್ಥೆಗೆ ಲಾರೆಸ್ ಎಂಬ ಜಾಗತಿಕ ಕ್ರೀಡಾ ಪ್ರಶಸ್ತಿ ಬಂದಾಗ ಮೊನಾಕೊದ ವೇದಿಕೆ ಹತ್ತಿ ಅದನ್ನು ತೆಗೆದುಕೊಂಡವರು ಆ ಹಳ್ಳಿಗಳ ಹುಡುಗಿಯರೇ.

ಇನ್ನು ನಮ್ಮ ಬೀದಿಗೆ ಬರೋಣ.

ಈಗಿನ ನಿಯಮದಲ್ಲಿ ಇಸ್ತ್ರಿ ಅಂಗಡಿಯ ಹುಡುಗಿಗೆ ಶಾಲೆಯ ಪತ್ರದ ಮೇಲೆ ಪಾಸ್‌ಪೋರ್ಟ್ ಸಿಗುತ್ತದೆ. ಆದರೆ ಅದರಲ್ಲಿ 2011 ಎಂದೇ ಅಚ್ಚಾಗುತ್ತದೆ, ಅವಳು ಆಡುವ ಹಾಗಿಲ್ಲ. ಅವರಪ್ಪ ನನ್ನ ಹತ್ತಿರ ಬಂದು, ‘ಸಾರ್, ಅವಳು ಹುಟ್ಟಿದ್ದು ಹನ್ನೆರಡರಲ್ಲೇ. ಮನೇಲಿ ನೋಡಿಕೊಳ್ಳೋರು ಇರಲಿಲ್ಲ ಅಂತ ಒಂದು ವರ್ಷ ಮುಂಚೆ ಶಾಲೆಗೆ ಹಾಕಿಬಿಟ್ಟೆ’ ಎಂದರು.

ನಾನು ಕೂಡಲೇ ನಂಬಲಿಲ್ಲ. ಇದನ್ನು ಮುಚ್ಚಿಡುವುದು ಬೇಡ. ಮಕ್ಕಳ ಫುಟ್‌ಬಾಲ್‌ನಲ್ಲಿ ವಯಸ್ಸು ಕಡಿಮೆ ತೋರಿಸುವುದು ದೊಡ್ಡ ರೋಗ. ಹದಿಮೂರರ ತಂಡದಲ್ಲಿ ಹದಿನೈದರವರು ಆಡಿದರೆ ಎದುರಿನ ಮಕ್ಕಳಿಗೆ ಅನ್ಯಾಯ. ಅದಕ್ಕಾಗಿಯೇ 2009ರಲ್ಲಿ ನೈಜೀರಿಯಾದಲ್ಲಿ ಹುಡುಗರ ಹದಿನೇಳರ ಒಳಗಿನ ವಿಶ್ವಕಪ್ ನಡೆದಾಗ ಫಿಫಾ ಸಂಸ್ಥೆ ಆಟಗಾರರ ಮಣಿಕಟ್ಟಿನ ಎಂ.ಆರ್.ಐ. ಪರೀಕ್ಷೆ ತಂದಿತು. ಬೆಳೆಯುವ ಮಕ್ಕಳ ಮಣಿಕಟ್ಟಿನ ಮೂಳೆಯ ತುದಿಯಲ್ಲಿ ಮೆತ್ತನೆಯ ಪದರ ಇರುತ್ತದೆ, ಬೆಳವಣಿಗೆ ಮುಗಿದಾಗ ಅದು ಗಟ್ಟಿಯಾಗಿ ಮೂಳೆಯ ಜೊತೆ ಕೂಡಿಕೊಳ್ಳುತ್ತದೆ. ಪೂರ್ತಿ ಕೂಡಿದ್ದರೆ ಹುಡುಗ ಹದಿನೇಳು ದಾಟಿದ್ದಾನೆ ಎಂದು ಸುಮಾರಾಗಿ ಹೇಳಬಹುದು. ನಮ್ಮ ಹೆಡ್‌ಮಾಸ್ತರು ಕಿವಿ ಮುಟ್ಟಿಸುತ್ತಿದ್ದರಲ್ಲ, ಅದರ ಮೊಮ್ಮಗ ಈ ಯಂತ್ರ. ಆದರೆ ಹನ್ನೆರಡೋ ಹದಿಮೂರೋ ಎಂಬ ಪ್ರಶ್ನೆಗೆ ಯಾವ ಮೂಳೆಯೂ ತಾರೀಖು ಹಿಡಿದು ಉತ್ತರ ಹೇಳುವುದಿಲ್ಲ.

ತಾರೀಖಿನ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ ಮಕ್ಕಳೇ. ಗಡಿ ಜನವರಿ 1 ಎಂದಿದ್ದರೆ, ಜನವರಿಯಲ್ಲಿ ಹುಟ್ಟಿದ ಹುಡುಗಿ ಡಿಸೆಂಬರಿನವಳಿಗಿಂತ ಹತ್ತಿರ ಹತ್ತಿರ ಒಂದು ವರ್ಷ ದೊಡ್ಡವಳು, ಆದರೂ ಇಬ್ಬರದೂ ಒಂದೇ ತಂಡ. ಆಯ್ಕೆಗಾರರ ಕಣ್ಣಿಗೆ ದೊಡ್ಡವಳೇ ‘ಪ್ರತಿಭಾವಂತೆ’ಯಾಗಿ ಕಾಣುತ್ತಾಳೆ. ಅನೇಕ ದೇಶಗಳ ಮಕ್ಕಳ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಇರುವುದನ್ನು ಸಂಶೋಧಕರು ಕಂಡಿದ್ದಾರೆ. ನಿಮ್ಮಲ್ಲಿ ಯಾರಾದರೂ ನವೆಂಬರ್, ಡಿಸೆಂಬರಿನವರು ಆಯ್ಕೆಯಾಗದೆ ಬೇಸರದಲ್ಲಿದ್ದರೆ ಇದನ್ನು ಅಪ್ಪನಿಗೆ ಓದಿ ಹೇಳಿ.

ಕ್ಲಬ್ಬಿನ ಕೋಚ್ ಒಂದೇ ಮಾತು ಹೇಳಿದರು, ‘ಕಾಗದ ತನ್ನಿ ಸಾರ್, ನನಗೂ ಅವಳೇ ಬೇಕು.’

ಅವಳ ಅಜ್ಜಿಯನ್ನು ಕೇಳಲು ಹೋದೆ. ಹೆರಿಗೆ ಮಾಡಿಸಿದ್ದು ಆಕೆಯೇ, ಕಲಬುರಗಿ ಕಡೆಯ ತಮ್ಮ ಹಳ್ಳಿಯಲ್ಲಿ. ‘ಬಸವ ಜಯಂತಿ ಹಿಂದಿನ ರಾತ್ರಿ ಹುಟ್ಟ್ಯಾಳ್ರಿ. ಬೆಳಿಗ್ಗಿ ಮೆರವಣಿಗಿ ಮನಿ ಮುಂದ ಹೋಗೂಮುಂದ ಇದು ಅಳಾಕ ಹತ್ತಿತ್ತು’ ಎಂದರು. ಯಾವ ವರ್ಷ ಎಂದರೆ ಆಕೆಗೆ ಗೊತ್ತಿಲ್ಲ. ಬಸವ ಜಯಂತಿ ಪ್ರತಿ ವರ್ಷವೂ ಬರುತ್ತದಲ್ಲ! ಅಷ್ಟರಲ್ಲಿ ಆಕೆ ಟ್ರಂಕಿನ ಅಡಿಯಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿಂದ ಹಳದಿ ತಿರುಗಿದ ತಾಯಿ ಕಾರ್ಡ್ ಕೊಟ್ಟರು. ಗರ್ಭಿಣಿಯರಿಗೆ ಆಸ್ಪತ್ರೆಯಿಂದ, ಆಶಾ ಕಾರ್ಯಕರ್ತೆಯರಿಂದ ಸಿಗುವ ಕಾರ್ಡ್ ಅದು. ಒಂದು ಮೂಲೆ ಇಲಿ ತಿಂದಿದೆ. ಆದರೆ ಲಸಿಕೆಯ ಸಾಲು ಉಳಿದಿದೆ. ಮೊದಲ ಪೋಲಿಯೊ ಹನಿ, ಬಿ.ಸಿ.ಜಿ., ಎದುರಿಗೆ ನೀಲಿ ಶಾಯಿಯಲ್ಲಿ ಮೇ 2012.

ಮನೆಗೆ ಬಂದು ಅಟ್ಟದ ಮೇಲಿನ ಹಳೆಯ ಪಂಚಾಂಗಗಳ ಕಟ್ಟು ಇಳಿಸಿದೆ. ‘ಈ ಕಸ ಯಾಕೆ ಇಟ್ಟಿದ್ದೀರಿ’ ಎಂದು ಮೂವತ್ತು ವರ್ಷದಿಂದ ಬೈಯುತ್ತಿರುವ ನನ್ನ ಹೆಂಡತಿಯೇ ಧೂಳು ಒರೆಸಿಕೊಟ್ಟಳು. 2012ರಲ್ಲಿ ಅಕ್ಷಯ ತದಿಗೆ, ಅಂದರೆ ಬಸವ ಜಯಂತಿ, ಏಪ್ರಿಲ್ 24, ಮಂಗಳವಾರ. ಹಿಂದಿನ ರಾತ್ರಿ ಏಪ್ರಿಲ್ 23. ಅಜ್ಜಿಯ ನೆನಪು, ಕಾರ್ಡಿನ ಶಾಯಿ, ಪಂಚಾಂಗ ಮೂರೂ ಒಂದಕ್ಕೊಂದು ಕೂಡಿಕೊಂಡವು. ಆಗ ನಾನು ನಂಬಿದೆ.

ಆ ರಾತ್ರಿ ಮೊಮ್ಮಗಳು ಬಂದು ಕೇಳಿದಳು, ‘ಅಜ್ಜಾ, ಅವಳ ಕಾಗದ ಸಿಗದಿದ್ದರೆ ನಾನು ಹೋಗ್ತೀನಾ?’

‘ಹೂಂ’ ಎಂದೆ.

‘ಆದ್ರೂ ನೀವು ಹುಡುಕ್ತಿದೀರಾ?’

‘ಹೂಂ.’

ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನೂ ಸಮಾಧಾನ ಮಾಡಲು ಹೋಗಲಿಲ್ಲ. ಹನ್ನೆರಡು ವರ್ಷಕ್ಕೆ ಸ್ವೀಡನ್ ಕೈತಪ್ಪುವುದು ಸಣ್ಣ ಸಂಗತಿಯಲ್ಲ. ಮೂರನೇ ದಿನ ಸಂಜೆ ಇಬ್ಬರೂ ಎಂದಿನಂತೆ ಒಂದೇ ಸೈಕಲ್ಲಿನಲ್ಲಿ ಮೈದಾನಕ್ಕೆ ಹೋದದ್ದನ್ನು ಕಿಟಕಿಯಿಂದ ನೋಡಿದೆ. ಏನು ಮಾತಾಡಿಕೊಂಡರೋ, ಕೇಳಲಿಲ್ಲ.

ಓದುವ ಹಿರಿಯರಿಗೆ ನಡುವೆ ಒಂದು ಕೆಲಸದ ಮಾತು. ಮಗು ಹುಟ್ಟಿದ 21 ದಿನಗಳೊಳಗೆ ನೋಂದಣಿ ಮಾಡಿಸಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಪ್ರಮಾಣಪತ್ರ ಇದೆ ಎಂದು ನಿಶ್ಚಿಂತರಾಗಬೇಡಿ, ತೆಗೆದು ನೋಡಿ. ಎಷ್ಟೋ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ, ಏಕೆಂದರೆ ನೋಂದಣಿಯ ದಿನ ನಾಮಕರಣವೇ ಆಗಿರುವುದಿಲ್ಲ. ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ ಹದಿನೈದು ವರ್ಷದವರೆಗೆ ಸ್ವಲ್ಪ ಶುಲ್ಕ ಕೊಟ್ಟು ಸೇರಿಸಬಹುದು. ಅಜ್ಜಿಯರು ದಯವಿಟ್ಟು ತಾಯಿ ಕಾರ್ಡನ್ನು ರದ್ದಿಗೆ ಹಾಕಬೇಡಿ.

ಕಳೆದ ವಾರ ನಾವು ನಾಲ್ಕು ಜನ, ಅಂದರೆ ಹುಡುಗಿ, ಅವಳಪ್ಪ, ಅಜ್ಜಿ ಮತ್ತು ನಾನು, ರಾತ್ರಿ ಬಸ್ಸಿನಲ್ಲಿ ಅವರ ಊರಿನ ಕಡೆ ಹೋಗಿ ಕಚೇರಿಯ ಬೆಂಚಿನ ಮೇಲೆ ಕೂತಿದ್ದೆವು. ಗುಮಾಸ್ತ ಚಿಕ್ಕ ವಯಸ್ಸಿನವನು. ಅರ್ಜಿ ತಿರುವಿ ಹಾಕಿ, ‘ಇಷ್ಟು ವರ್ಷ ಏನು ಮಾಡ್ತಿದ್ರಿ?’ ಎಂದ. ನನಗೆ ನನ್ನದೇ ದನಿ ಕೇಳಿದ ಹಾಗಾಯಿತು. ಅಜ್ಜಿ ಎದ್ದು ನಿಂತು, ಬಸವಣ್ಣನ ಮೆರವಣಿಗೆಯಿಂದ ಹಿಡಿದು ಮಗುವಿನ ಅಳುವಿನವರೆಗೆ ಎಲ್ಲವನ್ನೂ ಹೇಳಿದರು. ಅವನು ಪೆನ್ನು ಕೆಳಗಿಟ್ಟು ಕೇಳಿದ. ಆಮೇಲೆ ತಾಯಿ ಕಾರ್ಡನ್ನು ಜೋಪಾನವಾಗಿ ಬಿಡಿಸಿ, ಜೆರಾಕ್ಸ್ ಮಾಡಿಸಿ ಅರ್ಜಿಗೆ ಸೇರಿಸಿದ. ಆದೇಶಕ್ಕೆ ಮೂರು ವಾರ ಬಿಟ್ಟು ಗುರುವಾರ ಬರಬೇಕು. ಕ್ಲಬ್ಬಿನವರು ಹೆಸರು ಕಳಿಸುವ ಕಡೆಯ ದಿನ ಅದರ ಮರುದಿನ.

ಹೊರಗೆ ಬಂದು ಚಹಾ ಕುಡಿಯುವಾಗ ಅಜ್ಜಿ ಕೇಳಿದರು, ‘ನೀವು ಯಾವಾಗ ಹುಟ್ಟಿದ್ರಿ ಸಾಹೇಬ್ರ?’

‘ಜೂನ್ ಒಂದು’ ಎಂದೆ.

‘ನಂದು ಆಧಾರದಾಗ ಜನವರಿ ಒಂದ್ರಿ’ ಎಂದು ನಕ್ಕರು. ಹುಡುಗಿ ನಮ್ಮ ಮಾತು ಕೇಳಿಸಿಕೊಳ್ಳಲಿಲ್ಲ. ಚಹಾ ಅಂಗಡಿಯ ಗೋಡೆಗೆ ಸಣ್ಣ ರಬ್ಬರ್ ಚೆಂಡು ಎಸೆಯುತ್ತ, ಒಂದೇ ಕೈಯಲ್ಲಿ ಹಿಡಿಯುತ್ತ ನಿಂತಿದ್ದಳು.