ಮಧುಮೇಹದ ಮಾತ್ರೆ ಮತ್ತು ಮನೆಯೊಳಗಿನ ಮೌನ

ಘಟ್ಟದ ಮೇಲಿನ ಜಿಲ್ಲೆಗಳಿಂದ ಬಂದು ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಉದ್ಯೋಗ, ವ್ಯಾಪಾರ, ವಿದ್ಯಾಭ್ಯಾಸಗಳ ನಿಮಿತ್ತ ನೆಲೆಸಿರುವ ಸದ್ಭಕ್ತರ ಮನೆಗಳಲ್ಲಿ ಈಚೆಗೆ ಒಂದು ಕಳವಳವನ್ನು ಕಾಣುತ್ತಿದ್ದೇವೆ. ಮುಟ್ಟು ಕ್ರಮ ತಪ್ಪಿದೆಯೆಂದು ಮಗಳನ್ನು ಸ್ತ್ರೀರೋಗ ತಜ್ಞರಲ್ಲಿಗೆ ಕರೆದೊಯ್ದರೆ ಅವರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬರೆದುಕೊಡುತ್ತಾರೆ. ‘ಮಗಳಿಗೆ ಈ ವಯಸ್ಸಿಗೇ ಸಕ್ಕರೆ ಕಾಯಿಲೆಯೇ? ನಾಳೆ ಹೆಣ್ಣು ನೋಡಲು ಬಂದವರಿಗೆ ಏನು ಹೇಳುವುದು?’ ಎಂದು ತಾಯಿ ಹೆದರುತ್ತಾಳೆ. ಮಾತ್ರೆ ಬೀರುವಿನ ಬಟ್ಟೆಗಳ ಅಡಿ ಸೇರುತ್ತದೆ. ನೆಂಟರು ಬಂದ ದಿನ ಸೇವನೆಯೂ ತಪ್ಪುತ್ತದೆ. ಬೇರೆ ಕೆಲವು ಮನೆಗಳಲ್ಲಿ ಇದಕ್ಕೆ ವಿರುದ್ಧವಾಗಿ, ತೂಕ ಇಳಿಯಲೆಂದು ಮಾವನ ಮಾತ್ರೆಯನ್ನೇ ಸೊಸೆ ನುಂಗುವುದುಂಟು. ಇವೆರಡೂ ತಪ್ಪೆಂಬುದೂ ಎರಡಕ್ಕೂ ಮೂಲ ಮನೆಯೊಳಗಿನ ಮೌನವೆಂಬುದೂ ನಮ್ಮ ಅಭಿಪ್ರಾಯ.

ಆ ಮಾತ್ರೆಯ ಹೆಸರು ಮೆಟ್‌ಫಾರ್ಮಿನ್. ಯುರೋಪಿನ ಗಲೇಗಾ ಎಂಬ ಗಿಡದ ಸತ್ತ್ವವನ್ನು ಕುರಿತ ಅಧ್ಯಯನಗಳು ಇದರ ಹಿನ್ನೆಲೆಯಲ್ಲಿವೆ. 1957ರಲ್ಲಿ ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ಅವರು ಮಧುಮೇಹ ಚಿಕಿತ್ಸೆಯಲ್ಲಿ ಇದರ ಉಪಯೋಗವನ್ನು ಪ್ರಕಟಿಸಿದರು. ಯಕೃತ್ತು ರಕ್ತಕ್ಕೆ ಬಿಡುವ ಸಕ್ಕರೆಯನ್ನು ಇದು ತಗ್ಗಿಸುತ್ತದೆ; ಇನ್ಸುಲಿನ್‌ಗೆ ದೇಹ ಚೆನ್ನಾಗಿ ಸ್ಪಂದಿಸುವಂತೆ ಮಾಡುತ್ತದೆ. ಪಿಸಿಓಎಸ್ ಎಂಬ ತೊಂದರೆಯಿರುವ ಬಹಳಷ್ಟು ಹೆಣ್ಣುಮಕ್ಕಳಲ್ಲಿ ಈ ಸ್ಪಂದನವೇ ಕುಂದಿರುತ್ತದೆ. ಆಗ ದೇಹ ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆ. ಅದರ ಪ್ರಚೋದನೆಯಿಂದ ಅಂಡಾಶಯವು ಪುರುಷ ಹಾರ್ಮೋನನ್ನು ಅತಿಯಾಗಿ ತಯಾರಿಸುತ್ತದೆ. ಮುಟ್ಟು ತಪ್ಪುವುದು, ಮುಖದಲ್ಲಿ ಕೂದಲು, ಮೊಡವೆ, ತೂಕದ ಏರಿಕೆ ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡವು. ವೈದ್ಯರು ಈ ಮಾತ್ರೆಯನ್ನು ಕೊಡುವುದು ಅದಕ್ಕಾಗಿ. ಕೊಟ್ಟ ಮಾತ್ರಕ್ಕೆ ಆಕೆ ಮಧುಮೇಹಿಯಲ್ಲ. ಆದರೆ ಪಿಸಿಓಎಸ್ ಇದ್ದವರಿಗೆ ಮುಂದೆ ಮಧುಮೇಹ ಬರುವ ಸಂಭವ ಹೆಚ್ಚಾದುದರಿಂದ ಆಗಾಗ ರಕ್ತಪರೀಕ್ಷೆ ಅಗತ್ಯ.

ತೂಕ ಇಳಿಸುವ ಆಸೆಯಿಂದ ಇದನ್ನು ಎರವಲು ಪಡೆಯುವವರಿಗೆ ಒಂದು ಮಾತು. ಇದರಿಂದ ಇಳಿಯುವ ತೂಕ ಸಾಮಾನ್ಯವಾಗಿ ಎರಡು ಮೂರು ಕಿಲೋ ಮಾತ್ರ. ಮಧುಮೇಹದ ಹೊಸ್ತಿಲಲ್ಲಿದ್ದವರನ್ನು ಕುರಿತು ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಈ ಮಾತ್ರೆ ಮಧುಮೇಹದ ಸಂಭವವನ್ನು ಶೇ. 31ರಷ್ಟು ತಗ್ಗಿಸಿತು, ಆಹಾರದ ಮಿತಿ ಮತ್ತು ವಾರಕ್ಕೆ 150 ನಿಮಿಷಗಳ ನಡಿಗೆಯಂಥ ವ್ಯಾಯಾಮ ಶೇ. 58ರಷ್ಟು ತಗ್ಗಿಸಿದವು. ಅಲ್ಲದೆ ಹಿರಿಯರ ಮಾತ್ರೆಯಲ್ಲಿ ಗ್ಲಿಮೆಪಿರೈಡ್‌ನಂಥ ಇನ್ನೊಂದು ಔಷಧವೂ ಸೇರಿರಬಹುದು. ಮಧುಮೇಹವಿಲ್ಲದವರು ಅದನ್ನು ನುಂಗಿದರೆ, ಅದರಲ್ಲೂ ಶಿವರಾತ್ರಿಯ ಉಪವಾಸದ ದಿನ, ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯವಾದೀತು. ಮೂತ್ರಪಿಂಡ ತೀರ ದುರ್ಬಲವಾಗಿರುವವರಿಗೆ ಮೆಟ್‌ಫಾರ್ಮಿನ್ ಸಲ್ಲದು.

ಶಾಕಾಹಾರಿಗಳಾದ ನಾವು ವಿಶೇಷವಾಗಿ ಅರಿಯಬೇಕಾದ ಸಂಗತಿಯೊಂದಿದೆ. ದೀರ್ಘಕಾಲ ಈ ಮಾತ್ರೆ ಸೇವಿಸಿದರೆ ಬಿ12 ಜೀವಸತ್ತ್ವ ಕುಂದಬಹುದು. ನಮ್ಮ ಊಟದಲ್ಲಿ ಅದು ಸಿಗುವುದು ಮುಖ್ಯವಾಗಿ ಹಾಲು ಮೊಸರುಗಳಿಂದ. ಕೈಕಾಲು ಜುಮುಗುಟ್ಟುವುದು, ಕಾರಣವಿಲ್ಲದ ಆಯಾಸ ಕಂಡರೆ ವಯಸ್ಸಿನ ಮೇಲೆ ಹೊರಿಸದೆ ಪರೀಕ್ಷಿಸಿಕೊಳ್ಳಬೇಕು. ಆರಂಭದಲ್ಲಿ ಹೊಟ್ಟೆ ಕೆಡುವುದು ಸಾಮಾನ್ಯ. ಊಟದೊಡನೆ ಸೇವಿಸಿದರೆ, ಪ್ರಮಾಣವನ್ನು ವೈದ್ಯರು ನಿಧಾನವಾಗಿ ಏರಿಸಿದರೆ ಬಹುಮಟ್ಟಿಗೆ ಶಮನವಾಗುತ್ತದೆ. ಅಂಡ ಬಿಡುಗಡೆ ಮರಳಿ ಆರಂಭವಾಗಿ ಗರ್ಭ ನಿಲ್ಲಬಹುದೆಂಬುದನ್ನೂ ವಿವಾಹಿತರು ತಿಳಿದಿರಲಿ.

ಇವನ್ನೆಲ್ಲ ಕೇಳಿ ತಿಳಿಯಲು ಈ ಭಾಗದಲ್ಲಿ ವೈದ್ಯರಿಗೆ ಬರವಿಲ್ಲ. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜಿದೆ. ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾಸ್ಪತ್ರೆಯಿದೆ. ಕಾರ್ಕಳದಲ್ಲಿ ತಾಲೂಕು ಆಸ್ಪತ್ರೆಯಿದೆ. ಕೊರತೆಯಿರುವುದು ಬಾಯಿ ಬಿಟ್ಟು ಹೇಳುವ ಧೈರ್ಯಕ್ಕೆ. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಮುಟ್ಟಿನ ಸೂತಕವೂ ಅವುಗಳಲ್ಲೊಂದು. ಅಂಥ ಪರಂಪರೆಯ ಮನೆಯಲ್ಲಿ ಮಗಳ ಮುಟ್ಟಿನ ಮಾತು ಪಿಸುಮಾತಾಗುವುದು ನಮಗೆ ಶೋಭಿಸದು. ತಂದೆಯ ಮಾತ್ರೆ ಅಡುಗೆಮನೆಯ ಗೂಡಿನಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆಯಲ್ಲವೇ? ಮಗಳ ಮಾತ್ರೆಯೂ ಅದರ ಪಕ್ಕದಲ್ಲೇ, ಅವಳ ಹೆಸರು ಬರೆದುಕೊಂಡು ಇರಲಿ. ಅವರವರ ಮಾತ್ರೆ ಅವರವರಿಗೇ ಸಲ್ಲಲಿ.