ಸೆಲ್ಫ್ ತೆಗೆದುಕೊಳ್ಳದ ಕಾರು

ಕೀಲಿಯನ್ನು ತಿರುಗಿಸಿದೊಡನೆ ಕಾರಿನ ಎಂಜಿನ್ನನ್ನು ಉರುಳಿಸಿ ಎಬ್ಬಿಸುವ ವಿದ್ಯುನ್ಮೋಟಾರಿಗೆ ಸ್ಟಾರ್ಟರ್ ಎಂಬುದು ಪುಸ್ತಕದ ಹೆಸರು; ನಮ್ಮ ಗ್ಯಾರೇಜುಗಳಲ್ಲಿ ಅದು ಬರಿಯ ‘ಸೆಲ್ಫ್’. ಸೆಲ್ಫ್ ಪೂರ್ತಿಯಾಗಿ ಕೆಟ್ಟರೆ ಅಷ್ಟೊಂದು ಚಿಂತೆಯಿಲ್ಲ, ದೋಷ ಬೇಗನೆ ಸಿಕ್ಕುತ್ತದೆ. ಬೆಳಿಗ್ಗೆ ಮುಷ್ಕರ ಹೂಡಿ ಮಧ್ಯಾಹ್ನ ತಾನಾಗಿಯೇ ಕೆಲಸಕ್ಕೆ ಹಾಜರಾಗುವ ಸೆಲ್ಫ್ ಮಾತ್ರ ಯಜಮಾನನ ಜೇಬನ್ನೂ ಮೆಕ್ಯಾನಿಕನ ತಾಳ್ಮೆಯನ್ನೂ ಒಟ್ಟಿಗೆ ಪರೀಕ್ಷಿಸುತ್ತದೆ. ಅಂಥದೊಂದು ಪರೀಕ್ಷೆಯಲ್ಲಿ, ಭೌತಶಾಸ್ತ್ರವನ್ನು ಬೋಧಿಸಿ ಜೀವಿಸುವ ನಾವೇ ಅನುತ್ತೀರ್ಣರಾದ ಸಂಗತಿಯನ್ನು ವಿದ್ಯಾರ್ಥಿಗಳ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಹೋದ ಮಳೆಗಾಲದಲ್ಲಿ ನಮ್ಮ ಹಳೆಯ ಕಾರು ಈ ವ್ರತವನ್ನು ಹಿಡಿಯಿತು. ಕೀಲಿ ತಿರುಗಿಸಿದರೆ ‘ಟಿಕ್’ ಎಂದು ಒಂದು ಸದ್ದು, ಅನಂತರ ಮೌನ. ನಾಲ್ಕೈದು ಸಲ ಪ್ರಯತ್ನಿಸಿದ ಮೇಲೆ ನರಳುತ್ತ ಏಳುತ್ತಿತ್ತು. ಮಲ್ಟಿಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಎರಡು ತುದಿಗಳಿಗೆ ಹಿಡಿದೆವು, 12.6 ವೋಲ್ಟ್. ಬ್ಯಾಟರಿಯಲ್ಲಿ ದೋಷವಿಲ್ಲವೆಂದು ಗಂಭೀರವಾಗಿ ತೀರ್ಪಿತ್ತು, ನಮ್ಮ ಅಳತೆಯ ಕಾರ್ಯವನ್ನು ಅಲ್ಲಿಗೇ ಮುಗಿಸಿದೆವು. ಗ್ಯಾರೇಜಿನವರು ನಮ್ಮ ತೀರ್ಪನ್ನು ಲೆಕ್ಕಿಸದೆ ಹೊಸ ಬ್ಯಾಟರಿ ಹಾಕಿದರು. ಒಂದು ವಾರ ಸುಖವಾಗಿತ್ತು. ಮತ್ತೆ ಅದೇ ಟಿಕ್. ಆಗ ಮೋಟಾರನ್ನೇ ಬದಲಾಯಿಸಿದರು. ಅದಾದ ಹತ್ತು ದಿನಗಳಿಗೆ, ಮನೆಯ ಹಿರಿಯರೊಬ್ಬರನ್ನು ನಡುರಾತ್ರಿಯಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಕಾರು ಅಲುಗಲಿಲ್ಲ. ನೆರೆಯವರು ತಮ್ಮ ಆಟೋವನ್ನು ತೆಗೆದರು. ಹಿರಿಯರು ಗುಣ ಹೊಂದಿ ಮನೆಗೆ ಬಂದರು. ಆದರೆ ಆ ಮಳೆಯಲ್ಲಿ ಕೀಲಿಯನ್ನು ತಿರುಗಿಸುತ್ತ ಕಳೆದ ನಿಮಿಷಗಳನ್ನು ನಾವು ಮರೆಯಲಾರೆವು.

ಮರುದಿನ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಬಂದರು. ಅವರು ಏನನ್ನೂ ಬಿಚ್ಚಲಿಲ್ಲ. ಮೊದಲು ಕಾರಿನ ಮುಂದೀಪವನ್ನು ಹೊತ್ತಿಸಿ ಕೀಲಿ ತಿರುಗಿಸಲು ಹೇಳಿದರು, ದೀಪ ಮಂಕಾಗಲಿಲ್ಲ. ದಪ್ಪ ತಂತಿಯೊಂದನ್ನು ಬ್ಯಾಟರಿಯ ಋಣ ತುದಿಯಿಂದ ನೇರವಾಗಿ ಎಂಜಿನ್ನಿನ ಲೋಹಕ್ಕೆ ಸೇರಿಸಿ, “ಈಗ ಸೆಲ್ಫ್ ಹೊಡೀರಿ ಸಾರ್” ಎಂದರು. ಎಂಜಿನ್ನು ಎದ್ದೇಬಿಟ್ಟಿತು! ಕಾರಿನ ದೇಹಕ್ಕೂ ಎಂಜಿನ್ನಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದಿರುತ್ತದೆ. ಅವರ ಮಾತಿನಲ್ಲಿ ‘ಅರ್ತ್ ವೈರು’. ಅದರ ತುದಿಯ ಲೋಹದ ಬಳೆಯೊಳಗೆ ತಾಮ್ರವು ಹಸಿರುಗಟ್ಟಿ ಕೊಳೆತಿತ್ತು. ಬ್ಯಾಟರಿ, ಮೋಟಾರು ಎರಡೂ ನಿರಪರಾಧಿಗಳು.

ವಿದ್ಯಾರ್ಥಿಗಳು ಇಲ್ಲಿ ನ್ಯಾಯವಾಗಿಯೇ ಕೇಳಬಹುದು: ದೋಷವಿದ್ದೂ ನಿಮ್ಮ ಮೀಟರು 12.6 ವೋಲ್ಟ್ ತೋರಿಸಿದ್ದು ಹೇಗೆ? ಮೀಟರು ತೋರಿಸಿದ್ದು ಸತ್ಯವನ್ನೇ. ತಪ್ಪಾದದ್ದು ನಾವು ಕೇಳಿದ ಪ್ರಶ್ನೆ. ಪ್ರವಾಹ ಹರಿಯದಿದ್ದಾಗ ರೋಧದ ಎರಡು ತುದಿಗಳ ನಡುವೆ ವಿಭವಾಂತರವೂ ಇರದೆಂದು ಓಮನ ನಿಯಮವೇ ಹೇಳುತ್ತದೆಯಲ್ಲವೆ? ಮೋಟಾರು ಸುಮ್ಮನಿರುವಾಗ ಬಲಹೀನ ಬ್ಯಾಟರಿಯೂ ಕೊಳೆತ ಪಟ್ಟಿಯೂ ಸಂಭಾವಿತರಂತೆ ತೋರುತ್ತವೆ.

ನಿಂತಿರುವ ಆರ್ಮೆಚರಿನಲ್ಲಿ ಪ್ರತಿ ವಿದ್ಯುಚ್ಚಾಲಕ ಬಲವಿಲ್ಲ. ಆ ಕ್ಷಣದಲ್ಲಿ ಪ್ರವಾಹವನ್ನು ತಡೆಯುವುದು ರೋಧವೊಂದೇ. ಬ್ಯಾಟರಿಯ ಆಂತರಿಕ ರೋಧ, ತಂತಿಗಳು, ಸುರುಳಿಗಳು ಎಲ್ಲ ಸೇರಿ 0.03 ಓಮ್ ಎಂದಿಟ್ಟುಕೊಳ್ಳೋಣ. 12 ವೋಲ್ಟಿಗೆ 400 ಆಂಪಿಯರ್ ಪ್ರವಾಹ! ಇದಕ್ಕೆ ಕೊಳೆತ ಪಟ್ಟಿಯ 0.02 ಓಮನ್ನು ಕೂಡಿಸಿರಿ. ಪ್ರವಾಹ 240 ಆಂಪಿಯರಿಗೆ ಇಳಿಯುತ್ತದೆ. ಶ್ರೇಣಿ ಸುರುಳಿಯ ಮೋಟಾರಿನಲ್ಲಿ, ಕಬ್ಬಿಣ ಕಾಂತೀಯವಾಗಿ ತಣಿಯುವವರೆಗೆ, ತಿರುಗಿಸುವ ಬಲವು ಪ್ರವಾಹದ ವರ್ಗದಂತೆ ಬದಲಾಗುವುದರಿಂದ, ಆ ಬಲ ಮೂರರಲ್ಲಿ ಒಂದು ಪಾಲಿನ ಆಸುಪಾಸಿಗೆ ಕುಸಿಯುತ್ತದೆ. (ಇಂದಿನ ಅನೇಕ ಕಾರುಗಳಲ್ಲಿ ಕ್ಷೇತ್ರ ಸುರುಳಿಯ ಸ್ಥಾನದಲ್ಲಿ ಶಾಶ್ವತ ಕಾಂತಗಳಿವೆ, ಅವುಗಳಲ್ಲಿ ನಷ್ಟ ಇಷ್ಟು ತೀವ್ರವಲ್ಲ.) ಟಿಕ್ ಎನ್ನುವ ಸಾಲಿನಾಯ್ಡಿಗಾದರೋ ಅಲ್ಪ ಪ್ರವಾಹವೇ ಸಾಕು, ಆದ್ದರಿಂದಲೇ ಅದು ತನ್ನ ಪಾಲಿನ ಕೆಲಸವನ್ನು ಮಾಡಿ ನಮ್ಮನ್ನು ದಾರಿ ತಪ್ಪಿಸುತ್ತದೆ.

0.02 ಓಮನ್ನು ಸಾಮಾನ್ಯ ಮಲ್ಟಿಮೀಟರಿನ ಓಮ್ ಮಾಪಕದಲ್ಲಿ ನಂಬಿಕೆಯಿಂದ ಓದಲಾಗದು. ಅದರ ಕಡ್ಡಿಗಳ ತಂತಿಯ ರೋಧವೇ ಇದಕ್ಕಿಂತ ಹೆಚ್ಚು. ಆದುದರಿಂದ ಕಾರಿನ ಪ್ರವಾಹವನ್ನೇ ಸಾಕ್ಷಿಯಾಗಿ ಕರೆಯಬೇಕು. ಕಾರನ್ನು ನ್ಯೂಟ್ರಲ್ ಗೇರಿನಲ್ಲಿರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ನು ಹೊತ್ತಿಕೊಳ್ಳದಂತೆ ಇಂಧನ ಪಂಪಿನ ಫ್ಯೂಸನ್ನು ತೆಗೆದಿಟ್ಟು, ಇನ್ನೊಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಅಳೆಯಬೇಕು. ಬ್ಯಾಟರಿಯ ತುದಿಗಳಲ್ಲಿ ಸುಮಾರು 9.6 ವೋಲ್ಟಿಗಿಂತ ಕಡಿಮೆಯಾದರೆ ಬ್ಯಾಟರಿಯನ್ನು ಸಂಶಯಿಸಬಹುದು. ಋಣ ತುದಿಗೂ ಎಂಜಿನ್ನಿನ ಲೋಹಕ್ಕೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಅರ್ತ್ ಹಾದಿಯಲ್ಲಿ ದೋಷವಿದೆ. ಧನ ತುದಿಯಿಂದ ಮೋಟಾರಿನವರೆಗೂ ಹೀಗೆಯೇ. ಎರಡು ಹಾದಿಗಳೂ ಸರಿಯಿದ್ದು, ಮೋಟಾರಿಗೆ ಪೂರ್ಣ ವೋಲ್ಟೇಜು ತಲಪಿಯೂ ಅದು ತಿರುಗದಿದ್ದರೆ, ಆಗ ಮೋಟಾರನ್ನು ಬಿಚ್ಚಿರಿ. ಸವೆದ ಇಂಗಾಲದ ಬ್ರಷ್ಷುಗಳು ಸಿಕ್ಕಿಯಾವು. ಎಲೆಕ್ಟ್ರಿಷಿಯನ್ನರ ತಂತಿಯನ್ನು ತೆಗೆಸಿ ನಾವು ಅಳೆದಾಗ ಅರ್ತ್ ಹಾದಿಯಲ್ಲಿ 2.4 ವೋಲ್ಟ್ ಕಾಣಿಸಿತು. ಪ್ರವಾಹ 120 ಆಂಪಿಯರ್ ಇದ್ದಿರಬಹುದೆಂದು ಭಾವಿಸಿದರೆ, ಬೆರಳುದ್ದವೂ ಇಲ್ಲದ ಜಾಗದಲ್ಲಿ 288 ವ್ಯಾಟ್ ಶಕ್ತಿ ಬರಿಯ ಶಾಖವಾಗುತ್ತಿತ್ತು. ಇಂಥ ಕಾರುಗಳಲ್ಲಿ ಪ್ರವಾಹವು ಬೇರೆ ಹಾದಿ ಹುಡುಕಿ ಆಕ್ಸಿಲರೇಟರಿನ ಉಕ್ಕಿನ ಕೇಬಲಿನಲ್ಲಿ ಹರಿದು ಅದನ್ನು ಸುಡುವುದೂ ಉಂಟು.

ಒಂದು ಎಚ್ಚರಿಕೆ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಕಾಲ ಸೆಲ್ಫ್ ಹೊಡೆಯಬಾರದು. ಅನಂತರ ಒಂದೆರಡು ನಿಮಿಷ ಬಿಡುವು ಕೊಡಬೇಕು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬರಲು ಸಾಧ್ಯವಾದದ್ದೇ, ಸಣ್ಣ ಮೋಟಾರೊಂದು ಕೆಲವೇ ಕ್ಷಣಗಳ ಮಟ್ಟಿಗೆ ತನ್ನ ಅಳವಿಗೆ ಮೀರಿದ ಭಾರವನ್ನು ಹೊರಬಲ್ಲದೆಂಬ ತಿಳಿವಳಿಕೆಯಿಂದ.

ಗ್ಯಾರೇಜಿನವರನ್ನು ದೂರುವುದು ಸುಲಭ. ಆದರೆ ಸಂಜೆಯೊಳಗೆ ಕಾರು ಬೇಕೆಂದು ಅವಸರಪಡಿಸಿದವರು ನಾವೇ. ಅಲ್ಲದೆ, ಆಂತರಿಕ ರೋಧವನ್ನು ಪ್ರತಿವರ್ಷವೂ ಕರಿಹಲಗೆಯ ಮೇಲೆ ಬರೆದು ತೋರಿಸುವ ನಮಗೆ ಹೊಳೆಯದುದು ಅವರಿಗೆ ಹೊಳೆಯಲಿಲ್ಲವೆಂದು ಆಕ್ಷೇಪಿಸುವ ಅಧಿಕಾರ ನಮಗೆಲ್ಲಿದೆ? ನಮ್ಮ ಅಭಿಪ್ರಾಯದಲ್ಲಿ ಕೊರತೆಯಿರುವುದು ಕಾಲೇಜಿನ ಪ್ರಯೋಗಶಾಲೆಯಲ್ಲಿ. ಅಲ್ಲಿ ವಿದ್ಯಾರ್ಥಿಗೆ ಕೊಡುವ ಮಂಡಲಗಳೆಲ್ಲ ನಿರ್ದೋಷವಾದವು. ಬರಬೇಕಾದ ಉತ್ತರ ಹಿಂದಿನ ವರ್ಷದ ದಾಖಲೆ ಪುಸ್ತಕದಲ್ಲಿ ಮೊದಲೇ ಇರುತ್ತದೆ. ಕೆಟ್ಟ ಮಂಡಲವನ್ನು ಕೊಟ್ಟು, ಏನನ್ನೂ ಬಿಚ್ಚದೆ ಬದಲಿಸದೆ ದೋಷವೆಲ್ಲಿದೆಯೆಂದು ಅಳೆದು ಹೇಳು ಎಂದು ಕೇಳುವ ಪರೀಕ್ಷೆಯೊಂದು ಪ್ರತಿ ತರಗತಿಯಲ್ಲಿಯೂ ಇರಬೇಕು. ಅದಕ್ಕೆ ತಗಲುವ ವೆಚ್ಚವಾದರೂ ಎಷ್ಟು?

ಆ ಹಳೆಯ ಪಟ್ಟಿಯನ್ನು ನಾವು ಎಸೆದಿಲ್ಲ. ಈ ವರ್ಷ ಅದನ್ನು ಒಂದು ಹಲಗೆಗೆ ಬಿಗಿದು, 5 ಆಂಪಿಯರ್ ಪ್ರವಾಹ ಹರಿಸಿ, ಮಿಲಿವೋಲ್ಟ್ ಮಾಪಕದೊಡನೆ ವಿದ್ಯಾರ್ಥಿಗಳ ಕೈಗಿತ್ತೆವು. ಒಂದು ತುದಿಯಿಂದ ಗೇಣುದ್ದದವರೆಗೆ ಮುಳ್ಳು ಅಲುಗಲಿಲ್ಲವೆನ್ನಬೇಕು. ಹಸಿರುಗಟ್ಟಿದ ಬಳೆಯನ್ನು ದಾಟಿದೊಡನೆ ನೂರರ ಹತ್ತಿರಕ್ಕೆ ಜಿಗಿಯಿತು. ಹುಡುಗಿಯೊಬ್ಬಳು ಬಳೆಯನ್ನು ಬೆರಳಿನಿಂದ ಅಲುಗಿಸಿ ನೋಡಿದಳು. ಮುಳ್ಳು ಇಳಿದು ಮತ್ತೆ ಏರಿತು. “ಸರ್, ಇದಕ್ಕೇ ಅಲ್ಲವೆ ಕಾರು ಒಮ್ಮೊಮ್ಮೆ ಏಳುತ್ತಿದ್ದುದು?” ಎಂದಳು.